ಟ್ರಯಲ್ ಮಾಸ್ಟ್ರ ಮೂರು ಮಂಗಳವಾರ

ಅದೇ ಹೇಳ್ತಾ ಇದ್ದೆನಲ್ಲ, ಟ್ರಯಲ್ ನೋಡದೆ ಆ ಮನುಷ್ಯ ಏನನ್ನೂ ಮಾಡುವುದಿಲ್ಲ. ಏನನ್ನೂ ಅಂದರೆ ಏನನ್ನೂ! ಕೋಟು ಹೊಲಿಯುವ ದರ್ಜಿ ಗಿರಾಕಿಗೆ ಒಂದು ಸಲ ಟ್ರಯಲ್ ಹಾಕಿಸಿ ನೋಡುವುದು ಲೋಕರೂಢಿ. ಇವರು ಮೂರು ಸಲ ಹಾಕಿಸುತ್ತಾರೆ. ಒಬ್ಬ ಮದುಮಗ ಟ್ರಯಲ್ಲಿಗೆ ಬಂದು ಬಂದು ಸುಸ್ತಾಗಿ, ಕೊನೆಗೆ ಕಚ್ಚಾ ಹೊಲಿಗೆಯ ಕೋಟಿನಲ್ಲೇ ಮದುವೆಗೆ ನಿಂತನಂತೆ. ಯಾರೋ ಪ್ರೀತಿಯಿಂದ ಕೈ ಕುಲುಕಿದಾಗ ಬಲತೋಳು ಪೂರ್ತಿ ಅವರ ಕೈಗೇ ಬಂತಂತೆ. (ಇದು ಅವರ ಹೆಂಡತಿ ಹೇಳುವ ಕಥೆ. ಮಾಸ್ಟ್ರ ಪ್ರಕಾರ ತೋಳು ಪೂರ್ತಿ ಬರಲಿಲ್ಲ, ಮೊಣಕೈವರೆಗೆ ಮಾತ್ರ.) ಹೊಸ ಕೊಡೆ ತಂದರೆ ಶವರಿನ ಕೆಳಗೆ ಬಿಚ್ಚಿ ಹಿಡಿದು ನೋಡುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿದ್ದರೆ ಹಿಂದಿನ ದಿನವೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಐದು ನಿಮಿಷ ಭಯಪಟ್ಟು, ಇಳಿದು ಬರುತ್ತಾರೆ. ಬೀದಿಯವರು ಸುಮ್ಮನೆ ಅವರಿಗೆ ಟ್ರಯಲ್ ಮಾಸ್ಟ್ರು ಅಂತ ಹೆಸರಿಟ್ಟಿಲ್ಲ.

ಇನ್ನು ಅವರ ಹೆಂಡತಿ. ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ. ಎದುರಿಗೆ ಬೆಳಕಿನ ಫಲಕ, ಅದರ ಮುಂದೆ ಬೆಲ್ಟಿನ ಮೇಲೆ ಬಾಟಲಿಗಳ ಮೆರವಣಿಗೆ. ಗುಳ್ಳೆಯೋ ಗೀರೋ ಓರೆ ಕತ್ತೋ ಕಂಡರೆ ತೋರುಬೆರಳಿನಿಂದ ಒಂದೇ ಒಂದು ಪುಟ್ಟ ತಳ್ಳು. ಬಾಟಲಿ ಬುಟ್ಟಿಗೆ, ಅಲ್ಲಿಂದ ಮತ್ತೆ ಕುಲುಮೆಗೆ. ಬಾಯಿಂದ ಒಂದು ಮಾತಿಲ್ಲ, ಕಣ್ಣಲ್ಲಿ ಒಂದು ಕರುಣೆಯಿಲ್ಲ. ಬೀದಿಯವರು ತಪಾಸಣೆ ಬಾಯಿ ಅಂತ ಕರೆಯುವ ಈ ಹೆಂಗಸು ಕಾರ್ಖಾನೆಯಿಂದ ಮನೆಗೆ ಬರುವಾಗ ಆ ಬೆರಳನ್ನು ಅಲ್ಲೇ ಬಿಟ್ಟು ಬರುತ್ತಾರೆಯೇ? ಬರುವುದಿಲ್ಲ. ಮಾಸ್ಟ್ರು ತಂದ ತರಕಾರಿ, ಮಾಸ್ಟ್ರು ಹಾಸಿದ ಹಾಸಿಗೆ, ಮಾಸ್ಟ್ರು ಆರಿಸಿದ ಗೋಡೆಯ ಬಣ್ಣ, ಎಲ್ಲವೂ ಆ ಬೆಲ್ಟಿನ ಮೇಲೆ ಹಾದು ಬಂದಿವೆ. ಎಷ್ಟೋ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮಾಸ್ಟ್ರು ತಮ್ಮ ಕತ್ತು ಓರೆಯಾಗಿಲ್ಲ ತಾನೇ ಅಂತ ನೋಡಿಕೊಂಡಿದ್ದಾರೆ.

ಹೀಗಿರುವಾಗ ಮದುವೆಯಾಗಿ ಇಪ್ಪತ್ತು ವರ್ಷ ತುಂಬುವುದಕ್ಕೆ ತಿಂಗಳಿದೆ ಅನ್ನುವಾಗ ತಪಾಸಣೆ ಬಾಯಿ ಬಾಂಬು ಹಾಕಿದರು.

"ರೀ, ಎರಡು ದಿನ ದೊಡ್ಡ ಊರಿಗೆ ಹೋಗಿ ಬರೋಣ. ನಾವಿಬ್ರೇ. ಒಳ್ಳೆ ಹೋಟ್ಲು ನೋಡಿ."

"ನೋಡು, ನಿಂಗೆ ಯಾವುದು ಇಷ್ಟಾನೋ..."

"ಊಹೂಂ. ನೀವೇ ಆರಿಸ್ಬೇಕು. ಈ ಸಲ ನಾನು ಬೆರಳು ಹಾಕಲ್ಲ."

ಮಾಸ್ಟ್ರ ಬಾಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು. ಬೇರೆ ಗಂಡಂದಿರಾಗಿದ್ದರೆ ಕುಣಿದಾಡುತ್ತಿದ್ದರು. ಮಾಸ್ಟ್ರು ಪಿನ್ನು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಸೇರಿಕೊಂಡರು. ಯಾಕೆಂದರೆ ಅವರು ಒಂದು ಸಲ, ಒಂದೇ ಸಲ, ಹೋಟೆಲು ಆರಿಸಿದ್ದರು. ಮದುವೆಯಾದ ಹೊಸದರಲ್ಲಿ. ಆಗ ಅವರು ಟ್ರಯಲ್ ಮಾಸ್ಟ್ರಲ್ಲ, ಬರೀ ಮಾಸ್ಟ್ರು; ಧೈರ್ಯವಂತ. ಯಾರೋ ಹೇಳಿದರು ಅಂತ ನೋಡದೆಯೇ ರೂಮು ಹಿಡಿದು, ಹೊಸ ಹೆಂಡತಿಯನ್ನು ಕರೆದುಕೊಂಡು ಹೋಗಿ, "ನೋಡು, ಇಲ್ಲಿಂದ ಇಡೀ ಊರು ಕಾಣತ್ತೆ!" ಅಂತ ನಾಟಕದ ರಾಜನ ಹಾಗೆ ಕಿಟಕಿ ತೆರೆದರು. ಎದುರಿಗೆ ಗೋಡೆ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಗೋಡೆಯ ನಡುವೆ ಒಂದು ಚರಂಡಿ ಪೈಪು, ಅದರ ಮೇಲೆ ಒಂದು ಪಾರಿವಾಳ. ಪಾರಿವಾಳ ಮಾಸ್ಟ್ರನ್ನು ನೋಡಿತು. ಮಾಸ್ಟ್ರು ಪಾರಿವಾಳವನ್ನು ನೋಡಿದರು. ಹೊಸ ಹೆಂಡತಿ ಹಾಸಿಗೆಯ ಮೇಲೆ ಬೋರಲು ಬಿದ್ದು ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಎಷ್ಟು ಕುಲುಕುತ್ತಿತ್ತೆಂದರೆ ಮಂಚ ಕಿರುಗುಟ್ಟುತ್ತಿತ್ತು. ಎಷ್ಟು ಕರೆದರೂ ಮುಖ ಎತ್ತಲಿಲ್ಲ. ಹಾಗೆ ಅಳಿಸಿದೆನಲ್ಲ ಅನ್ನುವ ನೋವಿಗೇ ಮಾಸ್ಟ್ರು ಅಂದಿನಿಂದ ಟ್ರಯಲ್ ನೋಡದೆ ಒಂದು ಹೆಜ್ಜೆ ಇಟ್ಟವರಲ್ಲ. ಆ ದಿನದ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ.

ಈಗ ಇಪ್ಪತ್ತು ವರ್ಷದ ಮೇಲೆ ಮತ್ತೊಂದು ಕಿಟಕಿ ತೆರೆಯಬೇಕು. ಈ ಸಲವೂ ಗೋಡೆ ಬಂದರೆ?

ಮೊದಲು ಫೋನಿನಲ್ಲಿ ಹೋಟೆಲುಗಳ ಫೋಟೋ ನೋಡಿದರು. ನಲವತ್ತು ಹೋಟೆಲು, ನಲವತ್ತರಲ್ಲೂ ಅದೇ ಬಿಳಿ ಹಾಸಿಗೆ, ಅದೇ ಎರಡು ಗ್ಲಾಸು, ಅದೇ ಸೂರ್ಯಾಸ್ತ. ಮಾಸ್ಟ್ರು ತಲೆ ಅಲ್ಲಾಡಿಸಿದರು. ಫೋಟೋ ಅಂದರೆ ಅಂಗಡಿ ಗಾಜಿನ ಹಿಂದಿನ ಗೊಂಬೆಗೆ ಹಾಕಿದ ಕೋಟು. ಮುಂದಿನಿಂದ ನೋಡಿದರೆ ಬಲು ಚೆಂದ. ಗೊಂಬೆಯ ಬೆನ್ನ ಹಿಂದೆ ಎಷ್ಟು ಪಿನ್ನು ಚುಚ್ಚಿ ಬಿಗಿ ಮಾಡಿರುತ್ತಾರೆ ಅಂತ ದರ್ಜಿಗಲ್ಲದೆ ಇನ್ಯಾರಿಗೆ ಗೊತ್ತು?

ಟ್ರಯಲ್ಲೇ ಆಗಬೇಕು. ಆದರೆ ಟ್ರಯಲ್ಲಿಗೆ ಅಳತೆಗೆ ಸರಿಹೋಗುವ ಒಂದು ಮೈ ಬೇಕಲ್ಲ? ಹೆಂಡತಿಯನ್ನೇ ಕರೆದುಕೊಂಡು ಹೋಗುವ ಹಾಗಿಲ್ಲ. ಹೆಂಡತಿಯದೇ ಕಣ್ಣು, ಹೆಂಡತಿಯದೇ ಮೂಗು, ಹೆಂಡತಿಯದೇ ಬೆರಳು ಇರುವ ಇನ್ನೊಂದು ಜೀವ ಲೋಕದಲ್ಲಿ ಇದೆಯೇ?

ಇದೆ. ಅದೇ ದೊಡ್ಡ ಊರಿನಲ್ಲಿ, ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಇದೆ. ಅತ್ತೆ! ಅವರೂ ಅದೇ ಬಾಟಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿ, ನಿವೃತ್ತರಾದ ಮೇಲೆ ಅಲ್ಲಿಗೆ ಹೋದವರು. ಅಮ್ಮ ಮಗಳು ಅಂದರೆ ಒಂದೇ ಥಾನಿನಲ್ಲಿ ಕತ್ತರಿಸಿದ ಎರಡು ತುಂಡು.

ಮಾಸ್ಟ್ರು ಅಂಗಡಿಯ ಬಾಗಿಲು ಹಾಕಿಕೊಂಡು ಫೋನು ಮಾಡಿದರು.

"ಅತ್ತೆ, ಒಂದು ಸಹಾಯ ಆಗ್ಬೇಕಿತ್ತು. ನನ್ನ ಜೊತೆ ಒಂದು ಹೋಟ್ಲಿಗೆ ಬರ್ಬೇಕು."

"ಏನು ತಿನ್ನಕ್ಕೆ?"

"ತಿನ್ನಕ್ಕಲ್ಲ ಅತ್ತೆ. ರೂಮಿಗೆ."

 "ಅಳಿಯಂದ್ರೇ, ಮಗಳು ಅಲ್ಲೇ ಇದ್ರೆ ಅವಳ ಕೈಗೆ ಫೋನ್ ಕೊಡಿ."

ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಮಾಸ್ಟ್ರ ಕುತ್ತಿಗೆಯ ಟೇಪು ಬೆವರಿಗೆ ಒದ್ದೆಯಾಗಿ ಎರಡು ಇಂಚು ಉದ್ದವಾಗಿತ್ತು. ಅತ್ತೆ ಒಪ್ಪಿದರು, ಎರಡು ಷರತ್ತಿನ ಮೇಲೆ. ಒಂದು, ಮಗಳಿಗೆ ಹೇಳಬಾರದು. ಕತ್ತರಿ ಮುಟ್ಟಿ ಆಣೆ ಮಾಡಬೇಕು. ಎರಡು, ರೂಮು ನೋಡುವುದು ಸರಿಯಾಗಿ ಮಧ್ಯಾಹ್ನ ಒಂದು ಗಂಟೆಗೆ.

"ಅದ್ಯಾಕೆ ಅತ್ತೆ ಒಂದು ಗಂಟೆ?"

"ಬೆಳಕು! ತಪಾಸಣೆಗೆ ಆವಾಗ್ಲೇ ಬೆಳಕು ಸರಿ ಬರೋದು. ನಿಮಗೆ ಗೊತ್ತಾಗಲ್ಲ ಸುಮ್ನಿರಿ."

ಮಾಸ್ಟ್ರು ಹನ್ನೆರಡಿಂಚಿನ ಕತ್ತರಿ ಮುಟ್ಟಿ ಘೋರ ಪ್ರತಿಜ್ಞೆ ಮಾಡಿದರು.

ಮೊದಲನೇ ಮಂಗಳವಾರ. ಹೆಂಡತಿಗೆ ಗುಂಡಿ ತರಲು ಹೋಗುತ್ತೇನೆ ಅಂತ ಹೇಳಿ ಮಾಸ್ಟ್ರು ರೈಲು ಹತ್ತಿದರು. ಹೋಟೆಲಿನ ಬೋರ್ಡಿನ ಮೇಲೆಯೇ 'ಪ್ರೇಮಿಗಳಿಗಾಗಿ' ಅಂತ ಬರೆದಿತ್ತು. ಕೌಂಟರಿನಲ್ಲಿದ್ದವನು ಮಾಸ್ಟ್ರನ್ನು ನೋಡಿದ, ಅವರ ತೋಳು ಹಿಡಿದು ನಿಂತ ಎಪ್ಪತ್ತೆರಡರ ಅತ್ತೆಯನ್ನು ನೋಡಿದ, ಏನನ್ನೋ ಗಂಟಲಲ್ಲೇ ನುಂಗಿ ರೂಮು ತೋರಿಸಿದ. ಹಾಸಿಗೆಯ ಮೇಲೆ ಗುಲಾಬಿ ದಳ. ಮಾಸ್ಟ್ರು ಒಂದನ್ನು ಎತ್ತಿ ನೋಡಿದರು: ಬಟ್ಟೆಯದು, ಅದೂ ಅಂಚು ಮಡಿಸದೆ ಬಿಟ್ಟದ್ದು, ನೂಲು ಬಿಚ್ಚಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅತ್ತೆ ಬಚ್ಚಲಿನ ಕಡೆಯಿಂದ ಕೂಗಿದರು.

"ಅಳಿಯಂದ್ರೇ! ಬಚ್ಚಲಿಗೆ ಗೋಡೆನೇ ಇಲ್ಲ, ಗಾಜು!"

ನಿಜ. ಮಲಗುವ ಕೋಣೆಗೂ ಸ್ನಾನದ ಕೋಣೆಗೂ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದೇ ಗಾಜು. ಮಾಸ್ಟ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ ಕನ್ನಡಕ ಏರಿಸಿಕೊಂಡು ಗಾಜಿಗೆ ಮೂಗು ತಾಗಿಸಿ, ಉಗುರಿನಿಂದ ಟಣ್ಣೆಂದು ಹೊಡೆದು, ಕಿವಿಗೊಟ್ಟರು.

"ಒಳ್ಳೆ ಮಾಲು. ಒಂದು ಗುಳ್ಳೆ ಇಲ್ಲ."

"ಅತ್ತೆ, ಗಾಜು ಚೆನ್ನಾಗಿದ್ಯೋ ಇಲ್ವೋ ಅಂತಲ್ಲ ನಾನು ಕೇಳಿದ್ದು!"

"ಇರಿ, ಒಂಚೂರು ಹೊರಗೆ ಹೋಗಿ ಯೋಚ್ನೆ ಮಾಡ್ಕೊಂಡ್ ಬರ್ತೀನಿ."

ಅಂತ ಮೊಬೈಲು ಹಿಡಿದುಕೊಂಡು ಪಡಸಾಲೆಗೆ ಹೋದರು. ಐದು ನಿಮಿಷ ಬಿಟ್ಟು ಬಂದರು. ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಪುಟ್ಟ ತಳ್ಳು. ಪ್ರೇಮಿಗಳ ಹೋಟೆಲು ಬುಟ್ಟಿಗೆ ಬಿತ್ತು.

ಮಾಸ್ಟ್ರು ಒಂದು ಚೀಲ ಗುಂಡಿಯೊಂದಿಗೆ ಮನೆಗೆ ಬಂದರು. ಹೆಂಡತಿ ಗುಂಡಿ ನೋಡಿದರು, ಗಂಡನನ್ನು ನೋಡಿದರು, ಏನೂ ಕೇಳಲಿಲ್ಲ. ಬದಲಿಗೆ ಹಾಡು ಗುನುಗುತ್ತಾ ಒಳಗೆ ಹೋದರು. ಹೋಟೆಲು ನೋಡಿದ್ರಾ ಅಂತ ಕೂಡ ಕೇಳುವುದಿಲ್ಲವಲ್ಲ ಇವಳು!  ಆ ಗುನುಗಿನ ಗಾಬರಿಯಲ್ಲಿ ಮಾಸ್ಟ್ರು ಅಂದು ಒಬ್ಬ ಗಿರಾಕಿಯ ಎರಡು ತೋಳನ್ನೂ ಎಡತೋಳೇ ಮಾಡಿ ಕತ್ತರಿಸಿಬಿಟ್ಟರು.

ಎರಡನೇ ಮಂಗಳವಾರದ ಹೋಟೆಲಿನಲ್ಲಿ ಗುಂಡಗಿನ ಮಂಚ.

"ಇದ್ರಲ್ಲಿ ತಲೆ ಯಾವ ಕಡೆ?" ಅಂದರು ಅತ್ತೆ.

ಮಾಸ್ಟ್ರು ಟೇಪು ತೆಗೆದು ಅಡ್ಡ ಅಳೆದರು, ಉದ್ದ ಅಳೆದರು, ಸುತ್ತಳತೆ ತೆಗೆದರು. ಮೂಲೆಯೇ ಇಲ್ಲದ ಹಾಸಿಗೆಗೆ ದುಪ್ಪಟಿ ಹೇಗೆ ಸಿಕ್ಕಿಸುವುದು? ಇಬ್ಬರು ಮಲಗಿದರೆ ಕಾಲು ಎಲ್ಲಿಗೆ ಬರುತ್ತದೆ? ಇವರು ಲೆಕ್ಕ ಹಾಕುತ್ತಾ ಸುತ್ತು ಬರುತ್ತಿದ್ದರೆ, "ಟ್ರಯಲ್ ಅಂದ್ಮೇಲೆ ಪೂರ್ತಿ ನೋಡ್ಬೇಕು" ಅಂತ ಅತ್ತೆ ಚಪ್ಪಲಿ ಬಿಟ್ಟು ಮಧ್ಯದಲ್ಲಿ ಮಲಗಿದರು. ಮಲಗಿದವರು ನಿದ್ದೆ ಹೋದರು. ಗೊರಕೆಯೂ ಶುರುವಾಯಿತು. ಅದೇ ಹೊತ್ತಿಗೆ ಮ್ಯಾನೇಜರು ಬಾಗಿಲಲ್ಲಿ ಇಣುಕಿದ. ಕುತ್ತಿಗೆಗೆ ಟೇಪು ಸುತ್ತಿಕೊಂಡು ಮಂಚದ ಸುತ್ತ ಪ್ರದಕ್ಷಿಣೆ ಹಾಕುತ್ತಿರುವ ಗಂಡಸು, ನಡುವೆ ಮಲಗಿದ ಹಿರಿಯ ಹೆಂಗಸು. ಅವನ ಕಣ್ಣು ತುಂಬಿ ಬಂತು.

"ಪ್ರೀತಿಗೆ ವಯಸ್ಸಿಲ್ಲ ಸರ್," ಅಂದ, ಎದೆಯ ಮೇಲೆ ಕೈಯಿಟ್ಟು.

"ಅಯ್ಯೋ, ಅವರು ನಮ್ಮತ್ತೆ!"

ಮ್ಯಾನೇಜರಿನ ಕಣ್ಣೀರು ತಟ್ಟನೆ ಇಂಗಿತು. "ಅತ್ತೆ ಜೊತೆ... ಈ ರೂಮಿಗೆ?" ಅಂದವನು ಎರಡು ಹೆಜ್ಜೆ ಹಿಂದೆ ಸರಿದ. ವಿವರಿಸಲು ಹೋದಷ್ಟೂ ಕಗ್ಗಂಟಾಯಿತು. ಹೆಂಡತಿಗೋಸ್ಕರ, ಹೆಂಡತಿಗೆ ಗೊತ್ತಾಗದ ಹಾಗೆ, ಹೆಂಡತಿಯ ತಾಯಿಯನ್ನು ಕರೆದುಕೊಂಡು ಬಂದಿದ್ದೇನೆ ಅನ್ನುವುದನ್ನು ಯಾವ ದಿಕ್ಕಿನಿಂದ ಹೊಲಿದರೂ ಹೊಲಿಗೆ ಕೂರುವುದಿಲ್ಲ, ನೀವೇ ಪ್ರಯತ್ನಿಸಿ ನೋಡಿ. ಅತ್ತೆ ಎದ್ದು, ಮೊಬೈಲು ಹಿಡಿದು, ಪಡಸಾಲೆಯಲ್ಲಿ ಯೋಚನೆ ಮಾಡಿಕೊಂಡು ಬಂದರು. ಬೆರಳು. ತಳ್ಳು. ಬುಟ್ಟಿ.

ಎರಡನೇ ಚೀಲ ಗುಂಡಿ ಮನೆಗೆ ಬಂತು.

"ಏನ್ರೀ, ಇಡೀ ಸೈನ್ಯಕ್ಕೆ ಕೋಟು ಹೊಲೀತೀರಾ?" ಅಂದರು ಹೆಂಡತಿ. ಮತ್ತೆ ಅದೇ ಗುನುಗು.

ಮೂರನೇ ಮಂಗಳವಾರದ ಹೊತ್ತಿಗೆ ಮಾಸ್ಟ್ರ ಮುಖ ಇಸ್ತ್ರಿ ಕಾಣದ ಬಟ್ಟೆಯಾಗಿತ್ತು. ಉಳಿದದ್ದು ಒಂದೇ ಹೋಟೆಲು. ಹಳೆಯದು, ಚಿಕ್ಕದು. ಲಿಫ್ಟಿಲ್ಲ, ನಾಲ್ಕು ಮಹಡಿ ಹತ್ತಬೇಕು. ಅತ್ತೆ ಮೆಟ್ಟಿಲಿಗೊಂದು ಬೈಗುಳದಂತೆ ಹತ್ತಿದರು. ಬೈಗುಳ ಮುಗಿಯುವಷ್ಟರಲ್ಲಿ ರೂಮು ಬಂತು. ಮಂಚಕ್ಕೆ ನಾಲ್ಕು ಮೂಲೆ. ಬಚ್ಚಲಿಗೆ ಗೋಡೆ. ಮಾಸ್ಟ್ರು ಕಣ್ಣು ಮುಚ್ಚಿಕೊಂಡು ಕಿಟಕಿ ತೆರೆದರು. ಗಾಳಿ ಬಂತು. ಒಂದು ಕಣ್ಣು ಬಿಟ್ಟರು. ಕೆಳಗೆ ನದಿ, ಅದರ ಮೇಲೆ ಉದ್ದದ ಸೇತುವೆ, ಸೇತುವೆಯ ಮೇಲೆ ಆಟದ ಸಾಮಾನಿನಷ್ಟು ಪುಟ್ಟ ರೈಲು, ಆಚೆಗೆ ಹೆಂಚಿನ ಮೇಲೆ ಹೆಂಚಾಗಿ ಇಡೀ ಊರು.

ಅತ್ತೆ ಕುರ್ಚಿ ಎಳೆದುಕೊಂಡು ಕಿಟಕಿಯ ಹತ್ತಿರ ಕೂತರು. ಎರಡು ರೈಲು ಹೋದವು. ಮೂರನೆಯದೂ ಹೋಯಿತು. ಅವರ ಬೆರಳು ಮಡಿಲಲ್ಲೇ ಮಲಗಿತ್ತು. ಆಮೇಲೆ ಎದ್ದು ಪಡಸಾಲೆಗೆ ಹೋಗಿ ಬಂದು, "ಇದು ಪಾಸು," ಅಂದರು.

ಮಾಸ್ಟ್ರಿಗೆ ನಂಬಿಕೆಯಾಗಲಿಲ್ಲ. "ಪರದೆ ನೋಡಿದ್ರಾ ಅತ್ತೆ? ಒಂದು ಗೇಣು ಗಿಡ್ಡ ಇದೆ. ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೆ ಹೊಡಿಯತ್ತೆ. ಅವಳು ಬಿಡಲ್ಲ."

"ಇರಲಿ ಬಿಡಿ. ಒಂದು ತಪ್ಪು ಬಿಡ್ಬೇಕು ಅಳಿಯಂದ್ರೇ. ಎಲ್ಲಾ ಸರಿ ಇದ್ರೆ ಅವಳ ಬೆರಳು ಸುಮ್ನಿರತ್ತಾ? ನಿಮ್ಮ ಕಡೆಗೇ ತಿರುಗತ್ತೆ."

ಮೂವತ್ತೊಂದು ವರ್ಷದ ಅನುಭವ ಅಂದರೆ ಅದು!

ಬಂತು ಆ ದಿನ. ಮಾಸ್ಟ್ರು ಹೊಸ ಕೋಟು, ಹೆಂಡತಿ ಹಸಿರು ಬಟ್ಟೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡು ಮಾಸ್ಟ್ರು ಹೋಟೆಲಿನ ಬಾಗಿಲು ತಳ್ಳಿದರು. ಕೌಂಟರಿನಲ್ಲಿ ಕನ್ನಡಕದ ಹುಡುಗಿ, ನಗುವೆಂದರೆ ಕಿವಿಯಿಂದ ಕಿವಿಗೆ.

"ಓ, ಬನ್ನಿ ಬನ್ನಿ ಸರ್! ಮತ್ತೆ ಬಂದ್ರಲ್ಲಾ! ಮೇಡಂ ಮಂಡಿನೋವು ಹೇಗಿದೆ? ಅವತ್ತು ಮಹಡಿ ಹತ್ತಿ ಪಾಪ ಎಷ್ಟು..." ಅನ್ನುವಷ್ಟರಲ್ಲಿ ಮಾಸ್ಟ್ರ ಹಿಂದಿನಿಂದ ಹಸಿರು ಬಟ್ಟೆ ಕಾಣಿಸಿತು.

ಹುಡುಗಿಯ ನಗು ನಿಂತಿತು. ಮಾಸ್ಟ್ರ ರಕ್ತ ನಿಂತಿತು. ಗೋಡೆಯ ಗಡಿಯಾರ ಮಾತ್ರ ನಡೆಯುತ್ತಿತ್ತು.

"ಯಾವ ಮೇಡಂ?" ಅಂದರು ತಪಾಸಣೆ ಬಾಯಿ, ತಣ್ಣಗೆ.

ಹುಡುಗಿ ಒಳ್ಳೆಯವಳು. ಮಾಸ್ಟ್ರನ್ನು ಕಾಪಾಡಲು ಹೊರಟಳು. "ಯಾರೂ ಇಲ್ಲ ಮೇಡಂ! ಈ ಸರ್ ಇಲ್ಲಿಗೆ ಬಂದೇ ಇಲ್ಲ. ಇವರನ್ನ ನಾನು ಜನ್ಮದಲ್ಲೇ ನೋಡಿಲ್ಲ. ನಾಲ್ಕನೇ ಮಹಡಿ, ಅದೇ ರೂಮು... ಅಲ್ಲ, ಹೊಸ ರೂಮು!"

ನಾಲ್ಕು ಮಹಡಿ. ಎಪ್ಪತ್ತೆಂಟು ಮೆಟ್ಟಿಲು. ಹೆಂಡತಿ ಮುಂದೆ, ಎರಡು ಪೆಟ್ಟಿಗೆ ಹೊತ್ತ ಮಾಸ್ಟ್ರು ಹಿಂದೆ. ನಿಜ ಹೇಳಿಬಿಡೋಣವೆಂದರೆ ಕತ್ತರಿಯ ಆಣೆ. ಸುಳ್ಳು ಹೇಳೋಣವೆಂದರೆ ಅದಕ್ಕೂ ಟ್ರಯಲ್ ನೋಡಿಲ್ಲ! ರೂಮಿನ ಬಾಗಿಲು ಮುಚ್ಚಿದ ಕೂಡಲೇ ಶುರುವಾಯಿತು ವಿಚಾರಣೆ.

"ಯಾರ್ರೀ ಅವಳು?"

"ನಿಂಗೆ... ನಿಂಗೆ ಗೊತ್ತಿರೋರೇ."

"ವಯಸ್ಸೆಷ್ಟು?"

"ಎಪ್ಪತ್ತೆರಡು."

"ನೋಡಕ್ಕೆ ಹೇಗಿದಾಳೆ?"

ಮಾಸ್ಟ್ರು ಪೆಟ್ಟಿಗೆ ಕೆಳಗಿಟ್ಟರು. "ನಿನ್ನ ಹಾಗೇನೇ."

ತಪಾಸಣೆ ಬಾಯಿಯ ತುಟಿ ಏನೋ ಒಂದು ಥರ ಕೊಂಕಿತು. ಸರಿಯಾಗಿ ಆಗ ಅವರ ಮೊಬೈಲು ಬಡಿದುಕೊಂಡಿತು. ಗಂಟೆ ಒಂದು. ಮಾಸ್ಟ್ರಿಗೂ ಕೇಳಿಸಲಿ ಅಂತ ಸ್ಪೀಕರು ಒತ್ತಿ ಹಿಡಿದರು.

"ಏನೇ, ಸೇರಿದ್ರಾ?" ಅತ್ತೆಯ ಧ್ವನಿ ರೂಮು ತುಂಬಿತು. "ಫೋಟೋದಲ್ಲಿ ತೋರ್ಸಿದ್ನಲ್ಲ, ಅದೇ ಕಿಟಕಿ ತಾನೇ? ಪರದೆ ಗಿಡ್ಡ ಅಂತ ಒಂದು ಮಾತು ಅಂದುಬಿಡು, ಇಲ್ಲಾಂದ್ರೆ ಅಳಿಯಂದ್ರಿಗೆ ಅನುಮಾನ ಬರತ್ತೆ!"

ಮಾಸ್ಟ್ರು ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಒಂದು ಗಂಟೆ! ಬಾಟಲಿ ಕಾರ್ಖಾನೆಯಲ್ಲಿ ಊಟದ ಬಿಡುವು ಒಂದು ಗಂಟೆಗೆ! ಬೆಳಕಂತೆ ಬೆಳಕು, ಪಡಸಾಲೆಯಲ್ಲಿ ಯೋಚನೆಯಂತೆ ಯೋಚನೆ!

"ಮೊದಲನೇ ಮಂಗಳವಾರದಿಂದ್ಲೂ ಗೊತ್ತಾ ನಿಂಗೆ?"

"ಅದಕ್ಕೂ ಮುಂಚೆಯಿಂದ. ನೀವು ಅಂಗಡಿ ಬಾಗಿಲು ಹಾಕ್ಕೊಂಡು ಅಮ್ಮನಿಗೆ ಫೋನ್ ಮಾಡಿ ಇಟ್ಟಿದ್ದೇ ತಡ, ಅಮ್ಮ ನಂಗೆ ಮಾಡಿದ್ಲು. ಆ ಗಾಜಿನ ಬಚ್ಚಲು, ಆ ಗುಂಡು ಮಂಚ ಎಲ್ಲ ತಳ್ಳಿದ್ದು ಯಾರು ಅನ್ಕೊಂಡ್ರಿ? ನೀವು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರ್ತೀವಿ."

"ಬೆರಳು ಹಾಕಲ್ಲ ಅಂದಿದ್ದೆ!"

"ನನ್ನ ಬೆರಳು ಹಾಕಲ್ಲ ಅಂದಿದ್ದೆ. ಅಮ್ಮನ ಬೆರಳಿಗೆ ನಾನೇನು ಮಾಡ್ಲಿ?"

ಮಾಸ್ಟ್ರು ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. (ಹೌದು, ಹೊಸ ಕೋಟಿನ ಒಳಗೂ ಟೇಪು ಇತ್ತು.)

"ಹಂಗಾದ್ರೆ ಈ ಸಲಾನೂ ಆರಿಸಿದ್ದು ನಾನಲ್ಲ," ಅಂದರು ಕೊನೆಗೆ. "ಆವತ್ತಿನ ಹಾಗೆ ಮತ್ತೆ ಅಳಬಾರ್ದು ಅಂತ ಇಷ್ಟೆಲ್ಲ ಒದ್ದಾಡಿದೆ ಕಣೇ."

"ಯಾವತ್ತಿನ ಹಾಗೆ?"

"ಆ ಗೋಡೆ. ಪಾರಿವಾಳ. ನೀನು ದಿಂಬಲ್ಲಿ ಮುಖ ಇಟ್ಕೊಂಡು ಅತ್ತಿದ್ದು. ಹೆಗಲು ಹೆಂಗೆ ಕುಲುಕ್ತಾ ಇತ್ತು, ಇನ್ನೂ ಕಣ್ಣಿಗೆ ಕಟ್ಟಿದೆ."

ತಪಾಸಣೆ ಬಾಯಿ ಗಂಡನನ್ನು ನೋಡಿದರು. ಬೆಳಕಿನ ಫಲಕದ ಮುಂದೆ ಬಾಟಲಿ ಹಿಡಿದು ನೋಡುವ ಹಾಗೆ, ಮೇಲಿನಿಂದ ಕೆಳಗಿನವರೆಗೆ.

"ಅತ್ತಿದ್ದಾ?" ಅಂದರು. "ರೀ... ನಾನು ನಕ್ಕಿದ್ದು! 'ಇಡೀ ಊರು ಕಾಣತ್ತೆ' ಅಂತ ಕೈ ಚಾಚಿದ್ರಲ್ಲ, ಆ ಪಾರಿವಾಳ ನಿಮ್ಮನ್ನ ನೋಡ್ತಲ್ಲ... ಹೊಸ ಗಂಡನ ಮುಖದ ಮೇಲೇ ನಕ್ರೆ ಏನು ಅನ್ಕೋತೀರೋ ಅಂತ ದಿಂಬಲ್ಲಿ ಮುಖ ಮುಚ್ಕೊಂಡೆ. ನಿಲ್ಲಿಸೋಣ ಅಂದ್ರೆ ನೀವು ಬೇರೆ 'ಕ್ಷಮಿಸು, ಕ್ಷಮಿಸು' ಅಂತಿದ್ರಿ, ಇನ್ನೂ ಜಾಸ್ತಿ ಬಂತು! ಅಷ್ಟು ನಗು ನಂಗೆ ಅವತ್ತಿಂದ ಇವತ್ತಿನವರೆಗೆ ಬಂದಿಲ್ಲ. ಆ ರೂಮು ಇದ್ದಿದ್ರೆ ನಾನು ಅಲ್ಲಿಗೇ ಹೋಗೋಣ ಅಂತಿದ್ದೆ. ಒಡೆದು ಹಾಕಿದಾರಂತೆ, ಅಮ್ಮ ವಿಚಾರಿಸಿದ್ಲು."

ಇಪ್ಪತ್ತು ವರ್ಷ! ಸಾವಿರಾರು ಟ್ರಯಲ್ಲು! ಕಚ್ಚಾ ಹೊಲಿಗೆಯಲ್ಲಿ ನಿಂತ ಮದುಮಗ! ಶವರಿನ ಕೆಳಗಿನ ಕೊಡೆಗಳು! ಎಲ್ಲವೂ ಒಂದು ದಿಂಬಿನ ಇನ್ನೊಂದು ಮಗ್ಗುಲನ್ನು ನೋಡದೇ ಹೋದದ್ದಕ್ಕೆ! ಮಾಸ್ಟ್ರ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಬಾಯಿ ನೋಡಿದ್ದೇ ತಡ, ತಪಾಸಣೆ ಬಾಯಿ ಮಂಚದ ಮೇಲೆ ಬೋರಲು ಬಿದ್ದು ದಿಂಬಿನಲ್ಲಿ ಮುಖ ಹುದುಗಿಸಿದರು. ಹೆಗಲು ಕುಲುಕತೊಡಗಿತು. ಮಂಚ ಕಿರುಗುಟ್ಟಿತು.

ಮಾಸ್ಟ್ರಿಗೆ ಗೊತ್ತಿತ್ತು, ಇದು ನಗುವೇ ಅಂತ. ಈಗ ತಾನೇ ಅವಳೇ ಹೇಳಿದ್ದಾಳೆ. ಆದರೂ ಮೆಲ್ಲಗೆ ಹೋಗಿ, ಮಂಡಿಯೂರಿ, ದಿಂಬಿನ ಅಂಚನ್ನು ಎರಡೇ ಬೆರಳಲ್ಲಿ ಎತ್ತಿ, ಬಗ್ಗಿ ನೋಡಿದರು.

"ಏನ್ರೀ ಮಾಡ್ತಿದೀರಾ?"

"ಟ್ರಯಲ್," ಅಂದರು ಮಾಸ್ಟ್ರು.

ಆ ಸಂಜೆ ನದಿಯ ಮೇಲೆ ದೀಪ ಹತ್ತುವಾಗ ಮಾಸ್ಟ್ರು ಕಿಟಕಿಯ ಪಕ್ಕ ಕೂತು ಪರದೆಯ ಅಂಚು ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆ ಇಳಿಸಿ ಹೊಲಿದರು. ಕಮ್ಮಿಯಿದ್ದ ಒಂದು ಗೇಣೂ ಸಿಕ್ಕಿತು. ಹೆಂಡತಿ ದೂರ ನಿಂತು, ತಲೆ ಓರೆ ಮಾಡಿ, "ಎಡಗಡೆ ಒಂದು ನೂಲು ಮೇಲಿದೆ," ಅಂತ ಬೆರಳು ತೋರಿಸಿದರು. ಮಾಸ್ಟ್ರಿಗೆ ಎಂಥ ನೆಮ್ಮದಿಯಾಯಿತೆಂದರೆ, ಆ ಎಡಗಡೆಯನ್ನು ಮೂರು ಸಲ ಬಿಚ್ಚಿ ಹೊಲಿದರು.

ಇನ್ನು ಮೇಲೆ ಟ್ರಯಲ್ ಬೇಡ, ಧೈರ್ಯವಾಗಿರ್ತೀನಿ ಅಂತ ಊರಿಗೆ ಬಂದ ಮೇಲೆ ಸಾರಿದ್ದೂ ಆಯಿತು. ಒಂದು ಕೋಟನ್ನು ಟ್ರಯಲ್ ಇಲ್ಲದೆ ಕೊಟ್ಟೂ ಬಿಟ್ಟರು. ಎರಡೂ ಎಡತೋಳಿನ ಆ ಕೋಟೇ ಅದು. ಈಗ ನಾಲ್ಕು ಟ್ರಯಲ್ ಹಾಕಿಸುತ್ತಾರೆ.

ನಾನು ಹೇಳಿದ್ದು ಉತ್ಪ್ರೇಕ್ಷೆ ಅನ್ನಿಸಿದರೆ ನೀವೇ ಹೋಗಿ ನೋಡಿ. ಬಾಟಲಿ ಕಾರ್ಖಾನೆಯ ಗೇಟಿನ ಎದುರು ಬೀದಿ, ಎಡಕ್ಕೆ ಮೂರನೇ ಅಂಗಡಿ. ಸಂಜೆ ಐದರ ಮೇಲೆ ಹೋದರೆ ಇಬ್ಬರೂ ಸಿಗುತ್ತಾರೆ, ಜಗಳ ಉಚಿತ. ಸುಮ್ಮನೆ ಹೋಗಲು ಸಂಕೋಚವಾದರೆ ಬಾಗಿಲ ಹೊರಗೇ ನಿಮ್ಮ ಕೋಟಿನ ಒಂದು ಗುಂಡಿ ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ. ಮೂರು ಚೀಲ ಗುಂಡಿ ಇನ್ನೂ ಹಾಗೇ ಇದೆ, ಪಾಪ, ಖರ್ಚಾಗಬೇಕಲ್ಲ.